ಆರ್‌ಟಿಓ ಸಾಹೇಬರು ಕುಡಿದದ್ದು ಟಾನಿಕ್ಕೋ, ಹೆಂಡವೋ?

ಕಳೆದ ವಾರದ ಮಾತನ್ನ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ವಿಡಿಯೋದಲ್ಲಿ ಅವಸರಕ್ಕೆ ಹಾರಿಸಿಬಿಟ್ಟಿದ್ದ ಕೆಲವು ಸಂಗತಿ ಸೇರಿಸಿದ್ದೇನೆ, ಎರಡೆರಡು ಸಲ ಹೇಳಿದ್ದನ್ನ ತೆಗೆದಿದ್ದೇನೆ. ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಮುಂಬೈಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು. ಹಳೇ ತೀರ್ಪುಗಳನ್ನ ಓದೋ ಚಟ ಹತ್ತಿದೆ, ಅಷ್ಟೇ. ಇದನ್ನ ಯಾರೂ ಕಾನೂನು ಸಲಹೆ ಅಂತ ತಗೋಬೇಡಿ.

ಚಟ ಹತ್ತಿಸಿದ್ದು ನನ್ನ ಗೆಳೆಯ. ಕುಂದಾಪುರದ ಕಡೆಯವನು, ಇಲ್ಲೇ ಉಪನಗರದಲ್ಲಿ ಇದ್ದಾನೆ. ಒಂದು ಶನಿವಾರ ರಾತ್ರಿ ನಾಕಾಬಂದಿಯಲ್ಲಿ ಸಿಕ್ಕಿಬಿದ್ದ. ಮಷೀನಿಗೆ ಊದಿಸಿದರು, 61 ಅಂತ ಬಂತು. ಲೈಸೆನ್ಸ್ ಹೋಯ್ತು, ಬೈಕ್ ಹೋಯ್ತು, ಕೋರ್ಟಿಗೆ ಬಾ ಅಂತ ಚೀಟಿ ಬಂತು. ಒಬ್ಬನೇ ಹೋಗಲಿಕ್ಕೆ ಹೆದರಿಕೆ ಅಂದ, ಜೊತೆಗೆ ನಾನೂ ರಜೆ ಹಾಕಿ ಹೋದೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಆ ಹಾಲ್‌ನಲ್ಲಿ ಮೂವತ್ತು ನಲವತ್ತು ಜನ ಇದ್ದರು. ಆಟೋದವರು, ಬ್ಯಾಂಕಿನವರು, ಮದುವೆ ಗೊತ್ತಾಗಿದ್ದ ಒಬ್ಬ ಹುಡುಗ. ಹೆಸರು ಕೂಗ್ತಾರೆ, ಮುಂದೆ ಹೋಗಬೇಕು. "ಗುನ್ಹಾ ಕಬೂಲ್ ಆಹೇ ಕಾ?" ಅಂತ ಕೇಳ್ತಾರೆ. "ಹೋ" ಅನ್ನಬೇಕು. ದಂಡ ಹೇಳ್ತಾರೆ, ಕೌಂಟರಿಗೆ ಹೋಗಿ ಕಟ್ಟಬೇಕು. ನಾನು ಮೊಬೈಲಲ್ಲಿ ಟೈಮ್ ನೋಡಿದೆ. ಒಬ್ಬೊಬ್ಬರದು ಒಂದು ನಿಮಿಷಾನೂ ಆಗ್ತಿರಲಿಲ್ಲ.

ನಮ್ಮವನ ಕೈಯಲ್ಲಿದ್ದ ಮಷೀನ್ ಸ್ಲಿಪ್ ಇಸ್ಕೊಂಡು ನೋಡಿದೆ. ಅದರಲ್ಲಿದ್ದ ಸಮಯಕ್ಕೂ, ಸಿಕ್ಕಿಬಿದ್ದ ಕೂಡಲೇ ಅವನು ನನಗೆ ಫೋನ್ ಮಾಡಿದ ಸಮಯಕ್ಕೂ ನಲವತ್ತು ನಿಮಿಷ ವ್ಯತ್ಯಾಸ. ಮಷೀನಿನ ಗಡಿಯಾರ ಮುಂದಿತ್ತು.

"ನಿನ್ನ ಸ್ಲಿಪ್ಪಿನಾಗ ಟೈಮೇ ತಪ್ಪೈತಲ್ಲೋ," ಅಂದೆ.

"ಎಂಥ ಮಾರಾಯ ನಿಂದು, ನಾನು ಕುಡಿದದ್ದು ಹೌದಲ್ಲ? ದುಡ್ಡು ಕಟ್ಟಿ ಮುಗಿಸುವ."

ಅವನು ಹೇಳಿದ್ದು ಸರಿ. ಕುಡಿದಿದ್ದ, ಓಡಿಸಿದ್ದ, ಒಪ್ಪಿಕೊಂಡ. ಆದರೆ ನನ್ನ ಹೊಟ್ಟೆಪಾಡು ಲಾಗ್ ಓದೋದು. ಲಾಗ್‌ನಲ್ಲಿ ಟೈಮ್ ತಪ್ಪಿದ್ದರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತೆ, ಅದು ಕಸುಬಿನ ದೋಷ. ಇಷ್ಟು ಜನರಲ್ಲಿ ಒಬ್ಬ "ಕಬೂಲ್ ಇಲ್ಲ" ಅಂದಿದ್ದರೆ ಏನಾಗ್ತಿತ್ತು? ಹಾಗೆ ಅಂದವರು ಹಿಂದೆ ಯಾರು? ಹುಡುಕ್ತಾ ಹುಡುಕ್ತಾ 1951ಕ್ಕೆ ಹೋಗಿ ಮುಟ್ಟಿದೆ.

ಆಗಿನ ಬಾಂಬೆ ರಾಜ್ಯ ಅಂದ್ರೆ ಬರೀ ಇವತ್ತಿನ ಮಹಾರಾಷ್ಟ್ರ ಅಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಅದರೊಳಗೇ ಇದ್ದವು, 1956ರವರೆಗೆ. ಹಾಗಾಗಿ 1949ರ ಬಾಂಬೆ ಪಾನನಿಷೇಧ ಕಾನೂನು ನಮ್ಮ ಧಾರವಾಡಕ್ಕೂ ಲಾಗೂ ಇತ್ತು. ನಮ್ಮ ಅಜ್ಜ ಹೇಳ್ತಿದ್ದರು, ಆಗ ಊರಾಗ ಔಷಧಿ ಅಂಗಡಿಗೆ ಇದ್ದಕ್ಕಿದ್ದಂಗ ಭಾಳ ಮಂದಿ "ಅಶಕ್ತ" ರೋಗಿಗಳು ಬರಲಿಕ್ಕೆ ಹತ್ತಿದ್ದರಂತ. ಎಲ್ಲರಿಗೂ ಟಾನಿಕ್ ಬೇಕು. ಚಿಕ್ಕವನಿದ್ದಾಗ ಅದು ನನಗೆ ಜೋಕ್ ಅಂತ ಗೊತ್ತಾಗ್ತಿರಲಿಲ್ಲ.

ಆ ಕಾನೂನನ್ನ ಎಫ್. ಎನ್. ಬಲ್ಸಾರಾ ಎಂಬವರು ಪ್ರಶ್ನಿಸಿದರು. ಸುಪ್ರೀಂ ಕೋರ್ಟು 1951ರ ಮೇ 25ರಂದು ತೀರ್ಪು ಕೊಟ್ಟಿತು. ಪಾನನಿಷೇಧ ಮಾಡಬಹುದು, ಅದಕ್ಕೆ ಅಡ್ಡಿ ಇಲ್ಲ. ಆದರೆ ಆಲ್ಕೋಹಾಲ್ ಇರುವ ಔಷಧಿ ಮತ್ತು ಶೌಚಸಾಮಗ್ರಿಗಳ ಬಳಕೆಯನ್ನೂ ನಿಷೇಧಿಸೋ ಭಾಗ ಸಂವಿಧಾನಕ್ಕೆ ವಿರುದ್ಧ, ಅದು ನಿಲ್ಲೋದಿಲ್ಲ ಅಂತ.

ಇದಾಗಿ ಬರೀ ನಾಲ್ಕು ದಿನ. ಮೇ 29, ರಾತ್ರಿ ಸುಮಾರು ಒಂಬತ್ತೂವರೆ. ಮುಂಬೈಯ ಕೊಲಾಬಾದಲ್ಲಿ ಒಂದು ಜೀಪು ಮೂರು ಜನರಿಗೆ ಗುದ್ದಿತು. ಓಡಿಸ್ತಿದ್ದವರು ಬೆಹ್ರಾಮ್ ಖುರ್ಷಿದ್ ಪೆಸಿಕಾಕಾ. ಇಪ್ಪತ್ತೆರಡು ವರ್ಷ ಸರ್ಕಾರಿ ಸೇವೆ ಮಾಡಿದವರು. ಆಗಿನ ಅವರ ಹುದ್ದೆ ಏನು ಗೊತ್ತಾ? ಬಾಂಬೆ ವಿಭಾಗದ ಪ್ರಭಾರ ರೀಜನಲ್ ಟ್ರಾನ್ಸ್‌ಪೋರ್ಟ್ ಆಫೀಸರ್. ಅಂದ್ರೆ ಆರ್‌ಟಿಓ ಸಾಹೇಬರೇ. ವಿಡಿಯೋ ಮಾಡುವಾಗ ಇಲ್ಲಿ ನಾನು ನಕ್ಕುಬಿಟ್ಟೆ, ಕ್ಷಮಿಸಿ.

ಪೊಲೀಸರು ಅವರನ್ನ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋದರು. ಡಾಕ್ಟರು ಬರೆದದ್ದು ಹೀಗೆ: ಉಸಿರಲ್ಲಿ ಆಲ್ಕೋಹಾಲ್ ವಾಸನೆ ಇದೆ, ಕಣ್ಣು ಕೆಂಪಗಿದೆ, ಕಣ್ಣಿನ ಪಾಪೆ ಸ್ವಲ್ಪ ಹಿಗ್ಗಿದೆ. ಆದರೆ ಮಾತು ಸರಿಯಿದೆ, ನಡತೆ ಸರಿಯಿದೆ, ನೇರ ಗೆರೆಯ ಮೇಲೆ ನಡೆಯಬಲ್ಲರು. ಕುಡಿದಿದ್ದಾರೆ, ಆದರೆ ಅಮಲಿನಲ್ಲಿ ಇರುವ ಹಾಗೆ ಕಾಣೋದಿಲ್ಲ. ಗಮನಿಸಿ, ರಕ್ತ ಪರೀಕ್ಷೆಯ ಮಾತೇ ಇಲ್ಲ. ಇಡೀ ಸಾಕ್ಷ್ಯ ಡಾಕ್ಟರ ಮೂಗು ಮತ್ತು ಕಣ್ಣು.

ಕೋರ್ಟಿನಲ್ಲಿ ಪೆಸಿಕಾಕಾ ಹೇಳಿದ್ದು: ನಾನು ಹೆಂಡ ಮುಟ್ಟಿಲ್ಲ. ಬಿ.ಜಿ. ಫಾಸ್ ಅನ್ನೋ ಟಾನಿಕ್ ತಗೊಂಡಿದ್ದೆ. ಅದರಲ್ಲಿ ನೂರಕ್ಕೆ 17 ಭಾಗ ಆಲ್ಕೋಹಾಲ್ ಇರುತ್ತೆ.

17 ಅಂದ್ರೆ ಬಿಯರಿಗಿಂತ ಎಷ್ಟೋ ಜಾಸ್ತಿ, ವೈನಿಗಿಂತಲೂ ಒಂದು ಕೈ ಮೇಲೆ. ಆದರೆ ಔಷಧಿ. ನಾಲ್ಕು ದಿನದ ಹಿಂದಷ್ಟೇ ಸುಪ್ರೀಂ ಕೋರ್ಟು ಅದನ್ನ ಕುಡಿಯೋದು ಅಪರಾಧ ಅಲ್ಲ ಅಂದಿದೆ. ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟ್ ಬಿಡುಗಡೆ ಮಾಡಿದರು. ಸರ್ಕಾರ ಹೈಕೋರ್ಟಿಗೆ ಹೋಯಿತು. ಹೈಕೋರ್ಟು ಪಾನನಿಷೇಧದ ಆರೋಪದಲ್ಲಿ ತಪ್ಪಿತಸ್ಥ ಅಂದು ಒಂದು ತಿಂಗಳ ಕಠಿಣ ಸಜೆ, 500 ರೂಪಾಯಿ ದಂಡ ಹಾಕಿತು. ಅದರ ತರ್ಕ ನಮಗೂ ಒಪ್ಪೋ ಹಾಗಿದೆ: ಟಾನಿಕ್ ಕುಡಿದೆ ಅನ್ನೋದು ನಿನ್ನ ವಿನಾಯಿತಿ, ಅದನ್ನ ನೀನೇ ಸಾಬೀತು ಮಾಡು.

ಕೇಸು ಸುಪ್ರೀಂ ಕೋರ್ಟಿಗೆ ಬಂತು, ಸಂವಿಧಾನ ಪೀಠದವರೆಗೂ ಹೋಯಿತು. 1954ರ ಸೆಪ್ಟೆಂಬರಿನಲ್ಲಿ ಬಹುಮತದ ತೀರ್ಪು ಬಂತು, ಮುಖ್ಯ ನ್ಯಾಯಮೂರ್ತಿ ಮೇಹರ್‌ಚಂದ್ ಮಹಾಜನ್ ಅವರ ಕಾಲದಲ್ಲಿ. ಔಷಧಿ ಕುಡಿಯೋದು ಈಗ ವಿನಾಯಿತಿ ಅಲ್ಲ, ಅಪರಾಧವೇ ಅಲ್ಲ. ಆದ್ದರಿಂದ ಅವನು ಕುಡಿದದ್ದು ನಿಷೇಧಿತ ಮದ್ಯವೇ ಅಂತ ಪ್ರಾಸಿಕ್ಯೂಷನ್ ತೋರಿಸಬೇಕು. ಅಲ್ಲ ಅಂತ ಆರೋಪಿ ತೋರಿಸಬೇಕಿಲ್ಲ. ವಾಸನೆ ಎರಡಕ್ಕೂ ಒಂದೇ. ಶಿಕ್ಷೆ ರದ್ದು. ನ್ಯಾಯಮೂರ್ತಿ ಎಸ್. ಆರ್. ದಾಸ್ ಮಾತ್ರ ಒಪ್ಪಲಿಲ್ಲ.

ಈ ತೀರ್ಪನ್ನ ನಾನು ಮೂರು ಸಲ ಓದಿದೆ. ಮೊದಲ ಸಲ ಭಲೇ ಅನ್ನಿಸಿತು. ಎರಡನೇ ಸಲ, ಟಾನಿಕ್ ಕಥೆ ಆಯ್ತಪ್ಪಾ, ನಂಬೋಣ ಅನ್ನಿಸಿತು. ಮೂರನೇ ಸಲ ಓದುವಾಗ ಹೊಳೆದದ್ದು ಬೇರೆ. ಜೀಪು ಗುದ್ದಿದ ಆ ಮೂರು ಜನ ಮೊದಲ ಪುಟದಲ್ಲಿ ಬರ್ತಾರೆ, ಆಮೇಲೆ ಹೆಚ್ಚುಕಡಿಮೆ ಮಾಯ. ನಿರ್ಲಕ್ಷ್ಯದ ಚಾಲನೆಯ ಆರೋಪ ಹೈಕೋರ್ಟಿನಲ್ಲೇ ಬಿದ್ದುಹೋಗಿತ್ತು. ಉಳಿದದ್ದು ಸಂವಿಧಾನದ ಪ್ರಶ್ನೆ, ಕಾನೂನಿನ ಒಂದು ಭಾಗ ಅಸಿಂಧು ಆದರೆ ಉಳಿದ ಭಾಗವನ್ನ ಹೇಗೆ ಓದಬೇಕು ಅಂತ. ಬಹಳ ದೊಡ್ಡ ಪ್ರಶ್ನೆ, ನಿಜ. ಆದರೂ ರಸ್ತೆಯಲ್ಲಿ ಬಿದ್ದವರು?

ಸರ್ಕಾರ ಈ ಸೋಲನ್ನ ಮರೆಯಲಿಲ್ಲ. 1959ರಲ್ಲಿ ಕಾನೂನು ತಿದ್ದಿದರು. ರಕ್ತದಲ್ಲಿ ಆಲ್ಕೋಹಾಲ್ 0.05 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಸಿಕ್ಕರೆ, ಅದು ಔಷಧಿ ಅಂತ ಸಾಬೀತು ಮಾಡೋ ಹೊಣೆ ಆರೋಪಿಯದೇ. ಅಂದ್ರೆ ಪೆಸಿಕಾಕಾ ಗೆದ್ದ ಪಾಯಿಂಟನ್ನ ಒಂದು ಸಂಖ್ಯೆ ಇಟ್ಟು ತಿರುಗಿಸಿದರು. ಜೊತೆಗೆ ರಕ್ತ ಹೇಗೆ ತೆಗೀಬೇಕು ಅನ್ನೋದಕ್ಕೆ ನಿಯಮಗಳೂ ಬಂದವು. ಸಿರಿಂಜನ್ನ ಕುದಿಯೋ ನೀರಲ್ಲಿ ಹಾಕಿ ಶುದ್ಧ ಮಾಡಬೇಕು. ಚರ್ಮ ಒರೆಸಲಿಕ್ಕೆ ಸ್ಪಿರಿಟ್ ಬಳಸಬಾರದು, ಯಾವ ಹಂತದಲ್ಲೂ ಆಲ್ಕೋಹಾಲ್ ತಾಗಬಾರದು. ರಕ್ತ ಹೆಪ್ಪುಗಟ್ಟದ ಹಾಗೆ, ಕೆಡದ ಹಾಗೆ ರಾಸಾಯನಿಕ ಹಾಕಿದ ಸೀಸೆಯಲ್ಲಿ ತುಂಬಿ ಸೀಲ್ ಮಾಡಬೇಕು. ಚೆನ್ನಾಗಿ ಯೋಚನೆ ಮಾಡಿ ಬರೆದ ನಿಯಮ. ಆದರೆ ನಮ್ಮ ಕಸುಬಿನವರಿಗೆ ಗೊತ್ತು, ಒಂದೊಂದು ನಿಯಮವೂ ಮುಂದೆ ಒಂದೊಂದು ಬಗ್ ರಿಪೋರ್ಟ್. ವಕೀಲರ ಪಾಟೀಸವಾಲು ಮೂಗಿನಿಂದ ಸೀಸೆಗೆ ಬಂತು. ಸ್ಪಿರಿಟ್ ಹಚ್ಚಿದಿರಾ? ಸೀಲ್ ಯಾರು ಹಾಕಿದರು? ಲ್ಯಾಬಿಗೆ ಎಷ್ಟು ದಿನಕ್ಕೆ ಮುಟ್ಟಿತು? ಅಷ್ಟು ದಿನ ಎಲ್ಲಿತ್ತು?

1963ರ ಉಖಾ ಕೋಲ್ಹೆ ಕೇಸಿನಲ್ಲಿ, ಅದೂ ಕಾರು ಅಪಘಾತದ್ದೇ, ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಪೊಲೀಸರು ಕಳಿಸುವ ಮೊದಲೇ ಡಾಕ್ಟರು ರಕ್ತ ತೆಗೆದಿದ್ದರು ಅನ್ನೋ ಕಾರಣಕ್ಕೇ ವರದಿಯನ್ನ ಎಸೆಯೋ ಹಾಗಿಲ್ಲ. ಆದರೆ ಪ್ರಾಸಿಕ್ಯೂಷನ್ ಬಿಟ್ಟ ತೂತು ತುಂಬಿಕೊಳ್ಳಲಿ ಅಂತ ವಿಚಾರಣೆಯನ್ನೇ ಮೊದಲಿಂದ ನಡೆಸೋದೂ ಸರಿಯಲ್ಲ. ಸಂಖ್ಯೆ ಇಲ್ಲದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ 1971ರ ಬಚ್ಚೂಭಾಯಿ ಕರ್ಯಾಣಿ ಕೇಸು ಇದೆ. ವಾಸನೆ ಇತ್ತು, ನಡಿಗೆ ಓಲಾಡ್ತಿತ್ತು, ಮಾತು ತೊದಲ್ತಿತ್ತು, ಪಾಪೆ ಹಿಗ್ಗಿತ್ತು. ರಕ್ತ, ಮೂತ್ರ ಪರೀಕ್ಷೆ ಮಾಡಿಸಿರಲಿಲ್ಲ. ಇಷ್ಟರಿಂದ ಕುಡಿದಿದ್ದ ಅಂತ ತೀರ್ಮಾನ ಮಾಡೋಕಾಗಲ್ಲ ಅಂತು ಕೋರ್ಟು. ಇವತ್ತಿಗೂ ವಕೀಲರು ಈ ತೀರ್ಪನ್ನ ಹಿಡ್ಕೊಂಡೇ ಬರ್ತಾರೆ.

ಇಷ್ಟು ಹೊತ್ತು ಹೇಳಿದ್ದು ಬಾಂಬೆ ಕಾನೂನು. ಇಡೀ ದೇಶಕ್ಕೆ ಅನ್ವಯಿಸೋದು ಮೋಟಾರು ವಾಹನ ಕಾಯ್ದೆ, 1988ರದ್ದು, ಅದರ 185ನೇ ಕಲಂ. ಮೊದಲು ಅದರಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಎಷ್ಟೇ ಸ್ವಲ್ಪ ಇದ್ದರೂ ತಪ್ಪು ಅಂತ ಇತ್ತು. 1994ರ ತಿದ್ದುಪಡಿಯಲ್ಲಿ ಮಿತಿ ಇಟ್ಟರು: 100 ಮಿಲೀ ರಕ್ತದಲ್ಲಿ 30 ಮಿಲಿಗ್ರಾಂ ಮೀರಿರಬೇಕು, ಮತ್ತು ಅದು ಬ್ರೆತ್ ಅನಲೈಸರ್ ಪರೀಕ್ಷೆಯಲ್ಲಿ ಕಂಡುಬಂದಿರಬೇಕು. ಆ "ಮತ್ತು" ಇದೆಯಲ್ಲ, ಅಲ್ಲೇ ಎಡವಟ್ಟಾಯ್ತು. ಲ್ಯಾಬಿನ ರಕ್ತ ವರದಿ ಮಷೀನಿಗಿಂತ ನಿಖರ. ಆದರೆ ಕಲಂ ಅಕ್ಷರಶಃ ಓದಿದರೆ ಅದು ಲೆಕ್ಕಕ್ಕೇ ಬರೋದಿಲ್ಲ. ವಕೀಲರು ಬಿಡ್ತಾರಾ?

ದೆಹಲಿಯ ಬಿಎಂಡಬ್ಲ್ಯೂ ಕೇಸಿನಲ್ಲಿ ಈ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1999ರ ಜನವರಿ 10ರ ಬೆಳಗಿನ ಜಾವ ಲೋಧಿ ಕಾಲೋನಿಯಲ್ಲಿ ಕಾರು ಆರು ಜನರನ್ನ ಕೊಂದಿತು, ಅವರಲ್ಲಿ ಮೂವರು ಪೊಲೀಸರು. ಸಂಜೀವ್ ನಂದಾ ಅವರ ರಕ್ತ ತೆಗೆದದ್ದು ಅವತ್ತು ಮಧ್ಯಾಹ್ನ ಹನ್ನೆರಡರ ಮೇಲೆ. ಆಗಲೂ 0.115 ಶೇಕಡಾ, ಅಂದ್ರೆ ಮಿತಿಯ ಮೂರೂಮುಕ್ಕಾಲು ಪಟ್ಟು. ಬ್ರೆತ್ ಅನಲೈಸರ್ ಪರೀಕ್ಷೆ ಆಗಿಲ್ಲ ಅನ್ನೋದು ಬಚಾವಿನ ಒಂದು ವಾದ. 2012ರಲ್ಲಿ ಕೋರ್ಟು ಉತ್ತರ ಕೊಟ್ಟಿತು: ಜಾಗದಿಂದ ಓಡಿಹೋದವನಿಗೆ ಆ ಕ್ಷಣಕ್ಕೆ ಊದಿಸೋದು ಹೇಗೆ? ಈ ತೂತನ್ನ ಸಂಸತ್ತು ಮುಚ್ಚಿದ್ದು 2019ರಲ್ಲಿ, ಪ್ರಯೋಗಾಲಯದ ಪರೀಕ್ಷೆಯೂ ನಡೀತದೆ ಅಂತ ಸೇರಿಸಿ. ಅದೇ ತಿದ್ದುಪಡಿಯಲ್ಲೇ ಮೊದಲ ತಪ್ಪಿಗೆ ದಂಡ 2,000ದಿಂದ 10,000ಕ್ಕೆ ಏರಿತು. ಆರು ತಿಂಗಳವರೆಗೆ ಜೈಲೂ ಆಗಬಹುದು.

ಈಗ ಮಷೀನಿನ ವಿಷಯ. ಇದು ನನ್ನ ಗಲ್ಲಿ, ಸ್ವಲ್ಪ ಸಹಿಸಿಕೊಳ್ಳಿ. ಕಾನೂನು ಕೇಳೋದು ರಕ್ತದ ಲೆಕ್ಕ, ಮಷೀನಿಗೆ ಸಿಗೋದು ಉಸಿರು. ನಡುವೆ ಒಂದು ಗುಣಕ ಇದೆ, ಸಾಮಾನ್ಯವಾಗಿ 2100. ಅಂದ್ರೆ 2100 ಮಿಲೀ ಉಸಿರಲ್ಲಿರೋ ಆಲ್ಕೋಹಾಲ್, 1 ಮಿಲೀ ರಕ್ತದಲ್ಲಿ ಇರೋದಕ್ಕೆ ಸಮ ಅಂತ ಹಿಡೀತಾರೆ. ಈ ಲೆಕ್ಕದಲ್ಲಿ ನಮ್ಮ 30 ಅಂದ್ರೆ ಲೀಟರ್ ಉಸಿರಿನಲ್ಲಿ ಸುಮಾರು 0.14 ಮಿಲಿಗ್ರಾಂ. ಆದರೆ ಎಲ್ಲರ ಮೈಯಲ್ಲೂ ಗುಣಕ 2100 ಇರೋದಿಲ್ಲ; ಜ್ವರ ಇದ್ದರೆ, ಉಸಿರು ಬಿಗಿಹಿಡಿದರೆ ಬದಲಾಗುತ್ತೆ. ಈಗಷ್ಟೇ ಮೌತ್‌ವಾಶ್ ಬಳಸಿದ್ದರೆ ಬಾಯಿಯ ಆಲ್ಕೋಹಾಲೇ ಮಷೀನಿಗೆ ಹೋಗುತ್ತೆ, ಅದಕ್ಕೇ ಹದಿನೈದು ನಿಮಿಷ ಕಾಯಿಸಿ ಊದಿಸಬೇಕು ಅನ್ನೋದು. ಕೆಮ್ಮಿನ ಸಿರಪ್, ಮೌತ್‌ವಾಶ್ ಅಂತ ಇವತ್ತು ಹೇಳೋರೆಲ್ಲ ಪೆಸಿಕಾಕಾ ಸಾಹೇಬರ ವಾರಸುದಾರರೇ. ತಮಾಷೆ ಏನಂದ್ರೆ, ಸುಪ್ರೀಂ ಕೋರ್ಟು ಅವರನ್ನ ಬಿಟ್ಟ ಅದೇ 1954ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಪೊಲೀಸ್ ಇಲಾಖೆಯ ರಾಬರ್ಟ್ ಬೋರ್ಕೆನ್‌ಸ್ಟೈನ್ ಬ್ರೆಥಲೈಸರ್ ಕಂಡುಹಿಡಿದರು.

ಅದೇ ಅಮೆರಿಕದಲ್ಲಿ ಬಚಾವು ಎಲ್ಲಿಯವರೆಗೆ ಹೋಯಿತು ಅಂದ್ರೆ, ಮಷೀನಿನ ಸೋರ್ಸ್ ಕೋಡ್ ತೋರಿಸಿ ಅಂತ ಕೇಳಿದರು. ನ್ಯೂಜೆರ್ಸಿಯಲ್ಲಿ ಚುನ್ ಕೇಸು, 2008. ಆಲ್ಕೋಟೆಸ್ಟ್ 7110 ಮಷೀನಿನ ಕೋಡನ್ನ ಎರಡೂ ಕಡೆಯ ಪರಿಣತರು ಓದಿದರು. ಬಗ್ ಸಿಕ್ಕವು! ಮೂರನೇ ಸಲ ಊದಿಸಬೇಕಾಗಿ ಬಂದಾಗ ಫಲಿತಾಂಶ ತಪ್ಪಾಗೋ ಒಂದು ಬಫರ್ ಓವರ್‌ಫ್ಲೋ ಇತ್ತು. ಮಷೀನು ಒಟ್ಟಾರೆ ನಂಬಬಹುದು, ಆದರೆ ಇದನ್ನ ಸರಿಮಾಡಿ ಅಂತು ಅಲ್ಲಿನ ಸುಪ್ರೀಂ ಕೋರ್ಟು. ಅರವತ್ತು ದಾಟಿದ ಹೆಂಗಸರಿಗೆ ಮಷೀನು ಕೇಳುವಷ್ಟು ಉಸಿರು ಊದೋದು ಕಷ್ಟ, ಅವರಿಗೆ ಒಂದೂವರೆ ಲೀಟರ್ ಬದಲು 1.2 ಸಾಕು ಅಂತಲೂ ಹೇಳಿತು. ಹತ್ತು ವರ್ಷದ ಮೇಲೆ, 2018ರಲ್ಲಿ, ಅದೇ ರಾಜ್ಯದಲ್ಲಿ 20,000ಕ್ಕೂ ಹೆಚ್ಚು ಪರೀಕ್ಷೆಗಳು ಒಟ್ಟಿಗೇ ಅನುಮಾನಕ್ಕೆ ಬಿದ್ದವು. ಕಾರಣ, ಕ್ಯಾಲಿಬ್ರೇಷನ್ ಮಾಡುವಾಗ ಬಳಸಬೇಕಾದ ಒಂದು ಥರ್ಮಾಮೀಟರನ್ನ ಒಬ್ಬ ಸಾರ್ಜೆಂಟ್ ಬಳಸದೇ ಬಿಟ್ಟಿದ್ದು.

ನಮ್ಮಲ್ಲಿ ಇಷ್ಟು ಕೇಳಲಿಕ್ಕೆ ಹಕ್ಕು ಇಲ್ಲವೇ ಅಂದ್ರೆ, ಕಾಗದದ ಮೇಲೆ ಬೇಕಾದಷ್ಟಿದೆ. ಉಪಕರಣ ಕೇಂದ್ರ ಸರ್ಕಾರ ಒಪ್ಪಿದ ಮಾದರಿಯದ್ದಾಗಿರಬೇಕು. ವಾರಂಟಿಲ್ಲದೇ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಊದಲ್ಲ ಅಂತ ಕಾರಣವಿಲ್ಲದೇ ಹಟ ಹಿಡಿದರೆ ಅದೇ ನಿಮ್ಮ ವಿರುದ್ಧ ತಿರುಗುತ್ತೆ, ಅದೂ ಕಾನೂನಿನಲ್ಲೇ ಇದೆ. ಆದರೆ "ಕಬೂಲ್ ಇಲ್ಲ" ಅಂದರೆ ಎಷ್ಟು ತಾರೀಖು ಓಡಾಡಬೇಕು? ಎಷ್ಟು ರಜೆ? ವಕೀಲರ ಫೀಸು ದಂಡಕ್ಕಿಂತ ಜಾಸ್ತಿ. ಆಟೋ ಓಡಿಸೋನಿಗೆ ಒಂದು ತಾರೀಖು ಅಂದ್ರೆ ಒಂದು ದಿನದ ದುಡಿಮೆ. ಹಾಗಾಗಿ ಆ ಹಾಲ್‌ನಲ್ಲಿ ಎಲ್ಲರೂ "ಹೋ" ಅಂತಾರೆ. ಕುಡಿದವರೂ ಅಂತಾರೆ, ಎಲ್ಲೋ ಒಬ್ಬ 31 ಬಂದವನೂ ಅಂತಾನೆ.

ದುಡ್ಡಿದ್ದವರ ಕೇಸು ಬೇರೆ ತರಹ ನಡೆಯುತ್ತೆ. 2002ರ ಸೆಪ್ಟೆಂಬರ್ 28ರ ಬಾಂದ್ರಾ ಘಟನೆ ನಿಮಗೆಲ್ಲ ಗೊತ್ತು. ಫುಟ್‌ಪಾತಿನಲ್ಲಿ ಮಲಗಿದ್ದ ಒಬ್ಬರು ಸತ್ತರು, ನಾಲ್ವರಿಗೆ ಗಾಯ. ಸಲ್ಮಾನ್ ಖಾನ್ ಅವರ ರಕ್ತ ವರದಿಯಲ್ಲಿ 62 ಮಿಲಿಗ್ರಾಂ. ನನ್ನ ಗೆಳೆಯನದು 61, ನೆನಪಿರಲಿ. ಅಲ್ಲಿ ವಕೀಲರು ಎಷ್ಟು ಮಿಲೀ ರಕ್ತ ತೆಗೆದರು, ಲ್ಯಾಬಿಗೆ ಎಷ್ಟು ಮುಟ್ಟಿತು, ನಡುವೆ ಯಾರ ಕೈಯಲ್ಲಿತ್ತು ಅಂತ ಒಂದೊಂದನ್ನೂ ಕೆದಕಿದರು. 1959ರ ಸೀಸೆಯ ಪ್ರಶ್ನೆಗಳೇ. 2015ರ ಮೇನಲ್ಲಿ ಸೆಷನ್ಸ್ ಕೋರ್ಟು ಐದು ವರ್ಷ ಶಿಕ್ಷೆ ಕೊಟ್ಟಿತು. ಡಿಸೆಂಬರಿನಲ್ಲಿ ಹೈಕೋರ್ಟು, ಕುಡಿದಿದ್ದರು ಅನ್ನೋದಾಗಲಿ ಓಡಿಸ್ತಿದ್ದರು ಅನ್ನೋದಾಗಲಿ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಿಲ್ಲ ಅಂತ ಬಿಡುಗಡೆ ಮಾಡಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು.

ಅಲ್ಲಿಂದ ಬಹಳ ದೂರ ಏನಿಲ್ಲ ಕಾರ್ಟರ್ ರೋಡು. 2006ರ ನವೆಂಬರ್ 12, ಬೆಳಗಿನ ಜಾವ. ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿಯಿತು. ಏಳು ಜನ ಹೋದರು, ಎಂಟು ಜನಕ್ಕೆ ಗಾಯ. ಓಡಿಸ್ತಿದ್ದ ಅಲಿಸ್ಟರ್ ಪೆರೇರಾ ಅವರ ರಕ್ತದಲ್ಲಿ 0.112 ಶೇಕಡಾ. ಕೆಳ ಕೋರ್ಟು ಕೊಟ್ಟದ್ದು ಆರು ತಿಂಗಳು. ಜನ ಸಿಟ್ಟಿಗೆದ್ದರು, ಹೈಕೋರ್ಟು ತಾನಾಗೇ ಕೈಹಾಕಿ ಮೂರು ವರ್ಷ ಮಾಡಿತು, 2012ರಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿಯಿತು. ಮುಂಬೈ ಪೊಲೀಸರ ನಾಕಾಬಂದಿ ಕಾರ್ಯಾಚರಣೆ ಜೋರಾಗಿ ಶುರುವಾದದ್ದು 2007ರಲ್ಲಿ, ಈ ಘಟನೆ ಆಗಿ ಒಂದು ವರ್ಷದೊಳಗೆ. ಅಂದ್ರೆ ನನ್ನ ಗೆಳೆಯನಿಗೆ ಊದಿಸಿದ ಆ ಮಷೀನಿನ ಹಿಂದೆ ಆ ಏಳು ಜನ ಇದ್ದಾರೆ.

ಇದನ್ನೆಲ್ಲ ಅವನಿಗೆ ಹೇಳಿದೆ. ಲೈಸೆನ್ಸ್ ವಾಪಸ್ ಬಂದ ದಿನ, ಚಹಾ ಕುಡೀತಾ. ಪೂರ್ತಿ ಕೇಳಿದ. ಆಮೇಲೆ, "ಆ ಆರ್‌ಟಿಓ ಗುದ್ದಿದವರು ಬದುಕಿದ್ರಾ?" ಅಂತ ಕೇಳಿದ. ಮೂರು ಸಲ ಓದಿದ್ದೆ ಅಂದೆನಲ್ಲ, ನಾಲ್ಕನೇ ಸಲ ತೀರ್ಪು ತೆಗೆದು ಆ ಮೊದಲ ಪುಟವನ್ನ ಅವನ ಮುಂದೆಯೇ ಮತ್ತೆ ಓದಿದೆ. ಒಬ್ಬರು ಹೆಂಗಸು, ಅವರ ಗಂಡ, ಇನ್ನೊಬ್ಬರು ಹುಡುಗಿ. ಅವನು ತನ್ನ ಪರ್ಸಿನಿಂದ ಸ್ಲಿಪ್ ತೆಗೆದು ಟೇಬಲ್ ಮೇಲಿಟ್ಟ. ಥರ್ಮಲ್ ಪೇಪರು, ಆಗಲೇ ಅರ್ಧ ಅಳಿಸಿಹೋಗಿತ್ತು. ತಪ್ಪು ಟೈಮ್ ಮಾತ್ರ ಇನ್ನೂ ಕಾಣ್ತಿತ್ತು.

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಿಗೆ ಒಂದು ವಿನಂತಿ. ಹಳೇ ಮನೆಯ ಅಟ್ಟದಲ್ಲೋ ಔಷಧಿ ಅಂಗಡಿಯ ಹಳೇ ಕಪಾಟಿನಲ್ಲೋ ಆ ಕಾಲದ ಬಿ.ಜಿ. ಫಾಸ್ ಬಾಟಲಿ ಸಿಕ್ಕರೆ, ಲೇಬಲ್ ಕಾಣೋ ಹಾಗೆ ಒಂದು ಫೋಟೋ ಕಳಿಸಿ. 17 ಅಂತ ಬರೆದಿದ್ದನ್ನ ನನಗೆ ಕಣ್ಣಾರೆ ನೋಡಬೇಕಿದೆ.